ಕದಲದ ಕಲ್ಲು, ಕದಲುವ ಬಣ್ಣ

ಹಳೆಯ ಗೋರಿಗಳ ಪ್ರಯೋಗಶೀಲ ಬಣ್ಣದ ಛಾಯಾಚಿತ್ರ ಎದುರಾದಾಗ ಕಣ್ಣು ಮೊದಲು ಓಡುವುದು ಗುಲಾಬಿ ಹುಲ್ಲಿನ ಕಡೆಗೆ, ನೇರಳೆ ಮೋಡದ ಕಡೆಗೆ. ಅದನ್ನು ತುಸು ತಡೆದು ಕಲ್ಲಿನ ಮೇಲೆ ನಿಲ್ಲಿಸಿ. ಈ ಕಲೆಯ ಗುಟ್ಟಿರುವುದು ಅಲ್ಲಿ.

ನನಗೆ ಹೆಚ್ಚು ಪ್ರಿಯವಾದ ಬಗೆ ಟ್ರೈಕ್ರೋಮ್. ಟ್ರೈಪಾಡಿನ ಮೇಲೆ ಕ್ಯಾಮೆರಾ ಅಲುಗದಂತೆ ನಿಲ್ಲಿಸಿ ಒಂದೇ ದೃಶ್ಯವನ್ನು ಕಪ್ಪು-ಬಿಳುಪಿನಲ್ಲಿ ಮೂರು ಸಲ ತೆಗೆಯುತ್ತಾರೆ, ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ. ಆಮೇಲೆ ಮೂರಕ್ಕೂ ಆಯಾ ಬಣ್ಣ ಕೊಟ್ಟು ಒಂದರ ಮೇಲೊಂದು ಕೂಡಿಸುತ್ತಾರೆ. 1861ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ರಿಬ್ಬನ್ನೊಂದರ ಬಣ್ಣ ತೋರಿಸಿದ್ದು ಹೀಗೆಯೇ. ಆತನಿಗೆ ಬೇಕಿದ್ದದ್ದು ಇದ್ದಂತೆಯೇ ಬಣ್ಣ. ಇಂದಿನ ಪ್ರಯೋಗಶೀಲರು ಮೂರು ಚಿತ್ರಗಳ ನಡುವೆ ಬೇಕೆಂದೇ ಹೊತ್ತು ಕಳೆಯಬಿಡುತ್ತಾರೆ. ಆಗ ಕದಲದ್ದಕ್ಕೆ ಅದರದೇ ಬಣ್ಣ ಉಳಿಯುತ್ತದೆ, ಕದಲಿದ್ದು ಬಣ್ಣಬಣ್ಣವಾಗಿ ಒಡೆಯುತ್ತದೆ. ಗೋರಿಗಳ ನಡುವೆ ತೆಗೆಯಲು ಇದಕ್ಕಿಂತ ಒಪ್ಪುವ ವಿಧಾನ ನಾನು ಕಂಡಿಲ್ಲ.

ಕಾವೇರಿ ದಂಡೆಯ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನೇ ನೆನೆಯಿರಿ. 1799ರ ನಂತರ ಅಲ್ಲಿದ್ದ ಬ್ರಿಟಿಷ್ ದಂಡಿನವರ, ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳವು. ಅಂಥ ಜಾಗದ ಟ್ರೈಕ್ರೋಮ್ ಸಿಕ್ಕರೆ ಮೊದಲು ಕೆತ್ತಿದ ಅಕ್ಷರಗಳ ಅಂಚು ನೋಡಿ. ಅಲ್ಲಿ ಬಣ್ಣದ ಗೆರೆ ಇಣುಕಿದರೆ ಕ್ಯಾಮೆರಾ ಅಲುಗಿದೆ, ಇಲ್ಲವೇ ಮೂರು ಚಿತ್ರಗಳು ಸರಿಯಾಗಿ ಕೂತಿಲ್ಲ. ಅಂಚು ಚೊಕ್ಕವಾಗಿದ್ದರೆ ನೆರಳಿಗೆ ಬನ್ನಿ, ಅಲ್ಲಿ ಬೇಕಾದಷ್ಟು ಹೊತ್ತು ನಿಲ್ಲಿ. ಕೆಂಪು ಫಿಲ್ಟರಿನ ಹೊತ್ತಿನಲ್ಲಿ ಮಾತ್ರ ನೆರಳು ಬಿದ್ದಿದ್ದ ಕಡೆ ಕೆಂಪು ಇಲ್ಲವಾಗಿ ಹಸಿರುಮಿಶ್ರಿತ ನೀಲಿ ಉಳಿದಿರುತ್ತದೆ. ಹಸಿರಿನ ಹೊತ್ತಿನ ನೆರಳು ಕಡುಗುಲಾಬಿ, ನೀಲಿಯ ಹೊತ್ತಿನದು ಹಳದಿ. ಯಾವ ಫಿಲ್ಟರ್ ಮೊದಲೆಂದು ತಿಳಿದಿದ್ದರೆ ಸೂರ್ಯ ಯಾವ ಕಡೆ ಸರಿದನೆಂದು ಆ ಪಟ್ಟಿಗಳೇ ಹೇಳುತ್ತವೆ. ಹುಲ್ಲು, ಮೋಡ, ದಾರಿಹೋಕರು ಕೊನೆಗಿರಲಿ.

ಗಿಡಮರವೆಲ್ಲ ಒಂದೇ ಸಮನೆ ಕೆಂಪಾಗಿದ್ದರೆ ಅದು ಬೇರೆ ಬಗೆ: ಕೊಡಾಕ್ ಏರೋಕ್ರೋಮ್‌ನಂಥ ಇನ್‌ಫ್ರಾರೆಡ್ ಫಿಲ್ಮ್. ಹಸಿ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಧಾರಾಳವಾಗಿ ಪ್ರತಿಫಲಿಸುತ್ತದೆ, ಫಿಲ್ಮ್ ಅದನ್ನು ಕೆಂಪಾಗಿ ದಾಖಲಿಸುತ್ತದೆ. ಒಣಗಿದ್ದು ಅಷ್ಟು ಕೆಂಪಾಗದು. ಗೋರಿಯ ಬಿರುಕಿನಲ್ಲಿ ಇನ್ನೂ ಜೀವ ಹಿಡಿದಿರುವ ಸಸಿ ಯಾವುದೆಂದು ಗುರುತಾಗುವಂತಿದ್ದರೆ ಆ ಚಿತ್ರ ಗೆದ್ದಿದೆ.

ಕಂಪ್ಯೂಟರಿನಲ್ಲಿ ಬಣ್ಣ ಏರಿಸಿ ಏರಿಸಿ ಹೆಸರು, ಇಸವಿಗಳನ್ನೇ ಮುಳುಗಿಸಿದ ಚಿತ್ರಗಳೂ ಇವೆ. ಎಷ್ಟೇ ಚೆಂದವಿದ್ದರೂ ನಾನು ಅವನ್ನು ಒಪ್ಪಲಾರೆ. ಅಲ್ಲಿ ಮಲಗಿದವರ ಹೆಸರು ಚಿತ್ರದಲ್ಲಿ ಓದುವಂತಿದ್ದರೆ, ಬಣ್ಣದ ಮಾತಿಗೆ ಮುಂಚೆ ದಯವಿಟ್ಟು ಅದನ್ನು ಓದಿ.