ಲ್ಯಾಪ್‌ಟಾಪ್ ಪ್ರೊಸೆಸರುಗಳ ವೇಗ ಮತ್ತು ವಿದ್ಯುತ್ ವ್ಯಯ: ತುಲನೆಯ ಕ್ರಮವನ್ನು ಕುರಿತು ಒಂದು ವಿಮರ್ಶೆ

ಶಾಸನಗಳನ್ನು ಓದುವವರಿಗೆ ಪ್ರಶಸ್ತಿಭಾಗ, ದಾನಭಾಗ ಎಂಬ ಭೇದವು ಸುಪರಿಚಿತವಾದುದು. ಪ್ರಶಸ್ತಿಯಲ್ಲಿ ಒಡೆಯನ ಶೌರ್ಯವು ಕವಿಯ ಇಚ್ಛೆಗೆ ತಕ್ಕಂತೆ ಬೆಳೆಯುತ್ತದೆ. ದಾನಭಾಗದಲ್ಲಾದರೋ ಭೂಮಿಯ ಎಲ್ಲೆ, ವಿಸ್ತಾರ, ಅಳೆದ ಗಳೆ ಇವೆಲ್ಲ ಸ್ಪಷ್ಟವಾಗಿ ಹೇಳಲ್ಪಡುತ್ತವೆ. ಲ್ಯಾಪ್‌ಟಾಪ್ ಪ್ರೊಸೆಸರುಗಳನ್ನು ಒಂದರೊಡನೊಂದು ಹೋಲಿಸುವ ಬರಹಗಳಲ್ಲಿ ಇವೆರಡೂ ಬೆರೆತುಹೋಗಿರುವುದನ್ನು ತೋರಿಸಿ, ಅವುಗಳನ್ನು ಬೇರ್ಪಡಿಸುವ ಬಗೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕರಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಊರ ಹೊರಗಿನ ದೇಗುಲವೊಂದರಲ್ಲಿ ಶಾಸನದ ಛಾಯಾಚಿತ್ರಗಳನ್ನು ವಿದ್ಯಾರ್ಥಿಗಳು ಜೋಡಿಸುತ್ತಿರುವಾಗ, ಮಧ್ಯಾಹ್ನಕ್ಕೆ ಮೊದಲೇ ಬ್ಯಾಟರಿ ಬರಿದಾಗಿ ಆ ದಿನದ ಕೆಲಸವೇ ನಿಂತುದನ್ನು ನಾವು ಕಂಡಿದ್ದೇವೆ. ಆ ಯಂತ್ರವನ್ನು ಕೊಳ್ಳುವಾಗ ನಾವು ನೋಡಿದುದು ಗಿಗಾಹರ್ಟ್ಸ್ ಸಂಖ್ಯೆಯೊಂದನ್ನೇ. ಆಧಾರವನ್ನು ಪರೀಕ್ಷಿಸದೆ ನಂಬಿದ ದೋಷ ನಮ್ಮದೇ.

ಈ ನಂಬಿಕೆಗೂ ಒಂದು ಚರಿತ್ರೆಯುಂಟು. 2000ದ ನವೆಂಬರಿನಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ಪೆಂಟಿಯಮ್ 4, ಗಡಿಯಾರದ ಗತಿಯನ್ನು ಹೆಚ್ಚಿಸುವುದಕ್ಕಾಗಿಯೇ ರೂಪಿಸಲ್ಪಟ್ಟುದು. ಪ್ರತಿ ಆದೇಶವನ್ನೂ ಅನೇಕ ಸಣ್ಣ ಹಂತಗಳಾಗಿ ಒಡೆದು ನಡೆಸುತ್ತಿದ್ದುದರಿಂದ ಗತಿ ಏರಿತು. ಆದರೆ ಒಂದೊಂದು ಬಡಿತಕ್ಕೆ ಆಗುವ ಕೆಲಸ ಕುಗ್ಗಿತು. 2001ರಲ್ಲಿ ಎಎಂಡಿ ಸಂಸ್ಥೆಯು 1.53 ಗಿಗಾಹರ್ಟ್ಸ್ ಗತಿಯ ತನ್ನ ಅಥ್ಲಾನ್ ಪ್ರೊಸೆಸರಿಗೆ '1800+' ಎಂದು ಹೆಸರಿಡಬೇಕಾಗಿ ಬಂದುದು, ಬಳಕೆದಾರರು ಗತಿಯನ್ನೇ ಸಾಮರ್ಥ್ಯವೆಂದು ಎಣಿಸುತ್ತಿದ್ದರೆಂಬುದಕ್ಕೆ ಸಾಕ್ಷಿ. ಗತಿ ಏರಿದಂತೆ ವಿದ್ಯುತ್ತಿನ ಒತ್ತಡವೂ ಏರಬೇಕಾಗುತ್ತದೆ. ವ್ಯಯವಾದರೋ ಒತ್ತಡದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಈ ಉಷ್ಣವನ್ನು ತಾಳಲಾರದೆ 2004ರ ಮೇ ತಿಂಗಳಲ್ಲಿ ಇಂಟೆಲ್ ಈ ಸಂತತಿಯ ಮುಂದಿನ ಕುಡಿಯನ್ನು ಕೈಬಿಟ್ಟಿತು.

ಅನಂತರ 'ಪ್ರತಿ ವ್ಯಾಟಿಗೆ ಸಾಮರ್ಥ್ಯ' ಎಂಬ ಹೊಸ ಮಾನವು ರೂಢಿಗೆ ಬಂದಿತು. ಮಾನವು ಹೊಸದಾದರೂ ಪ್ರಶಸ್ತಿಯ ರೀತಿ ಹಳೆಯದೇ. 2005ರ ಜೂನಿನಲ್ಲಿ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್, ಪವರ್‌ಪಿಸಿಯನ್ನು ಬಿಟ್ಟು ಇಂಟೆಲ್ಲಿಗೆ ಹೋಗುವ ನಿರ್ಧಾರವನ್ನು ಸಮರ್ಥಿಸುತ್ತ, ಪ್ರತಿ ವ್ಯಾಟಿಗೆ ಮೊದಲನೆಯದು 15, ಎರಡನೆಯದು 70 ಎಂದು ಸಂಖ್ಯೆಗಳನ್ನು ಮುಂದಿಟ್ಟರು. ಹದಿನೈದು ಏನು, ಎಪ್ಪತ್ತು ಏನು? ಗಳೆಯ ಹೆಸರಿಲ್ಲದ ಅಳತೆಯಿದು. 2020ರ ನವೆಂಬರಿನಲ್ಲಿ ಅದೇ ಸಂಸ್ಥೆಯು ಎಂ1 ಎಂಬ ತನ್ನ ಸ್ವಂತ ಪ್ರೊಸೆಸರನ್ನು ಹೊರತಂದು, ಎದುರಾಳಿಯ ಅತ್ಯುಚ್ಚ ಸಾಮರ್ಥ್ಯವನ್ನು ನಾಲ್ಕನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಸಾಧಿಸುವುದೆಂದು ಸಾರಿತು. ಎದುರಾಳಿಯನ್ನು ಹೊಸ ಪಿಸಿ ಲ್ಯಾಪ್‌ಟಾಪ್ ಚಿಪ್ ಎಂದರೇ ಹೊರತು ಹೆಸರು ಹೇಳಲಿಲ್ಲ. ಹದಿನೈದು ವರ್ಷಗಳ ಹಿಂದೆ ಹೊಗಳಿಸಿಕೊಂಡವರೇ ಈಗ ಸೋತ ಪಕ್ಷವೆನಿಸಿದರು. ಪ್ರಶಸ್ತಿಯು ಸುಳ್ಳೆಂಬುದು ನಮ್ಮ ವಾದವಲ್ಲ. ಎಂ1 ಇದ್ದ ಮ್ಯಾಕ್‌ಬುಕ್ ಏರ್ ಯಂತ್ರವು ಬೀಸಣಿಗೆಯೇ ಇಲ್ಲದೆ ಸಮರ್ಥವಾಗಿ ನಡೆದುದು ಅನೇಕ ಸ್ವತಂತ್ರ ಪರೀಕ್ಷಕರು ಒಪ್ಪಿದ ಸಂಗತಿ. ಹೇಳಿಕೆ ನಿಜವಾಗಿದ್ದರೂ ಪ್ರಮಾಣವನ್ನು ಬೇರೆಡೆ ಹುಡುಕಬೇಕಾಯಿತೆಂಬುದಷ್ಟೇ ನಮ್ಮ ಆಕ್ಷೇಪ.

ಇದಕ್ಕಿಂತ ಗುರುತರವಾದ ದೋಷವು ಕಾರಣನಿರ್ಣಯದಲ್ಲಿದೆ. ಎಂ1 ಗೆದ್ದುದು ಆರ್ಮ್ ಆದೇಶಸಂಹಿತೆಯಿಂದಲೇ, ಇಂಟೆಲ್ ಸೋತುದು ಎಕ್ಸ್86 ಸಂಹಿತೆಯಿಂದಲೇ ಎಂಬ ಅಭಿಪ್ರಾಯ ಬಹುವಾಗಿ ಹಬ್ಬಿದೆ. ಪೆಂಟಿಯಮ್ ಎಂ ಇದಕ್ಕೆ ಉತ್ತರ ಹೇಳುತ್ತದೆ. ಇಸ್ರೇಲಿನ ಹೈಫಾದಲ್ಲಿ ರೂಪುಗೊಂಡು 2003ರ ಮಾರ್ಚಿನಲ್ಲಿ ಹೊರಬಂದ ಈ ಪ್ರೊಸೆಸರಿಗೂ ಅಂದಿನ ಪೆಂಟಿಯಮ್ 4ಕ್ಕೂ ತಯಾರಕರು ಒಬ್ಬರೇ, ಸಂಹಿತೆ ಒಂದೇ, 130 ನ್ಯಾನೊಮೀಟರ್ ತಯಾರಿಕೆಯೂ ಒಂದೇ. ಹಾಗಿದ್ದೂ 1.6 ಗಿಗಾಹರ್ಟ್ಸ್ ಗತಿಯ ಪೆಂಟಿಯಮ್ ಎಂಗೆ ನಿಗದಿಯಾದ ಉಷ್ಣಮಿತಿ 24.5 ವ್ಯಾಟ್ ಮಾತ್ರ. ಅದು ಎಷ್ಟೋ ಹೆಚ್ಚು ಗತಿಯ ಪೆಂಟಿಯಮ್ 4ಗಳಿಗೆ ಸಮನಾಗಿ ದುಡಿಯಿತು. ಭೇದವಿದ್ದುದು ಒಳರಚನೆಯಲ್ಲಿ. ಎಂ1 ವಿಷಯದಲ್ಲಾದರೋ ಒಳರಚನೆ, ಟಿಎಸ್‌ಎಂಸಿಯ 5 ನ್ಯಾನೊಮೀಟರ್ ತಯಾರಿಕೆ, ನಾಲ್ಕು ಬಲಿಷ್ಠ ಮತ್ತು ನಾಲ್ಕು ಮಿತವ್ಯಯದ ಕೋರುಗಳ ಏರ್ಪಾಡು, ಪಕ್ಕದಲ್ಲೇ ಕೂರಿಸಿದ ಮೆಮೊರಿ ಇವೆಲ್ಲ ಒಟ್ಟಿಗೆ ಬದಲಾದುವು. ಇಷ್ಟು ಕಾರಣಗಳು ಕೂಡಿರುವಲ್ಲಿ ಒಂದನ್ನೇ ಎತ್ತಿ ಹಿಡಿಯುವುದು ನ್ಯಾಯವಲ್ಲ. 2024ರಲ್ಲಿ ಇಂಟೆಲ್ ಹೊರತಂದ ಲೂನಾರ್ ಲೇಕ್, ಎಕ್ಸ್86 ಸಂಹಿತೆಯನ್ನು ಉಳಿಸಿಕೊಂಡೇ, ಟಿಎಸ್‌ಎಂಸಿಯ ತಯಾರಿಕೆಯನ್ನೂ ಪಕ್ಕದ ಮೆಮೊರಿಯನ್ನೂ ಅಳವಡಿಸಿಕೊಂಡಿತೆಂಬುದು ಇಲ್ಲಿ ಗಮನಾರ್ಹ.

ಇನ್ನು ಅಳತೆಯ ಮಾತು. ವ್ಯಾಟ್ ಎಂಬುದು ವ್ಯಯದ ದರ, ಬ್ಯಾಟರಿಯಲ್ಲಿರುವುದು ವ್ಯಾಟ್-ಗಂಟೆ. 30 ವ್ಯಾಟ್ ಸೆಳೆದು 10 ನಿಮಿಷದಲ್ಲಿ ಮುಗಿಸುವ ಯಂತ್ರವು 5 ವ್ಯಾಟ್-ಗಂಟೆಯನ್ನೂ, 15 ವ್ಯಾಟ್ ಸೆಳೆದು ಅದೇ ಕೆಲಸವನ್ನು 25 ನಿಮಿಷ ಮಾಡುವ ಯಂತ್ರವು 6.25 ವ್ಯಾಟ್-ಗಂಟೆಯನ್ನೂ ಬಳಸುತ್ತವೆ. ಕಡಿಮೆ ವ್ಯಾಟಿನದೇ ಮಿತವ್ಯಯಿ ಎಂಬುದು ಆದುದರಿಂದ ಸಿದ್ಧವಾಗದು. ತಯಾರಕರು ಮುದ್ರಿಸುವ ಅಂಕಿಯೂ ಪೂರ್ಣಸತ್ಯವಲ್ಲ: 2022ರ ಕೋರ್ ಐ7-1260ಪಿ ಪ್ರೊಸೆಸರಿನ ಮೂಲಮಿತಿ 28 ವ್ಯಾಟ್, ಏರುಮಿತಿ 64 ವ್ಯಾಟ್. ಮೊದಲನೆಯದನ್ನು ಮಾತ್ರ ಹೇಳಿ, ಎರಡನೆಯದರಲ್ಲಿ ಗಳಿಸಿದ ವೇಗವನ್ನು ತೋರಿಸುವವನು ಎರಡು ಗಳೆಗಳಿಂದ ಒಂದೇ ಹೊಲವನ್ನು ಅಳೆದಂತಾಯಿತು.

ಹೀಗಿರಲು, ತುಲನೆಯನ್ನು ಓದುವವರು ಐದು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಪರೀಕ್ಷೆಗೆ ಕೊಟ್ಟ ಕೆಲಸ ಯಾವುದು? ವಿದ್ಯುತ್ತನ್ನು ಅಳೆದುದು ಚಿಪ್ಪಿನಲ್ಲೋ, ಗೋಡೆಯ ಪ್ಲಗ್ಗಿನಲ್ಲೋ? ಅಳೆದ ಅವಧಿ ಒಂದು ನಿಮಿಷವೋ, ಒಂದು ಗಂಟೆಯೋ? ಚಾರ್ಜರ್ ತೆಗೆದಾಗಲೂ ಅದೇ ವೇಗ ಉಳಿಯಿತೆ? ಎದುರಾಳಿ ಯಾರು, ಯಾವ ವರ್ಷದವನು? ಇವಕ್ಕೆ ಉತ್ತರವಿದ್ದಲ್ಲಿ ದಾನಭಾಗವಿದೆ. ಇಲ್ಲದಲ್ಲಿ ಬರಿಯ ಪ್ರಶಸ್ತಿ. 50 ವ್ಯಾಟ್-ಗಂಟೆಯ ಬ್ಯಾಟರಿಯು, ಯಂತ್ರವು ಸರಾಸರಿ 20 ವ್ಯಾಟ್ ಸೆಳೆದರೆ ಎರಡೂವರೆ ಗಂಟೆ, 5 ವ್ಯಾಟ್ ಸೆಳೆದರೆ ಹತ್ತು ಗಂಟೆ ಬರುತ್ತದೆ. ನಮ್ಮ ವಿದ್ಯಾರ್ಥಿಯು ಸಂಜೆಯವರೆಗೆ ಶಾಸನದ ಮುಂದೆ ಕುಳಿತಿರಬಲ್ಲನೇ ಎಂಬುದು ಈ ಸರಾಸರಿಯಿಂದ ನಿರ್ಧಾರವಾಗುತ್ತದೆಯೇ ಹೊರತು ಪೆಟ್ಟಿಗೆಯ ಮೇಲೆ ಅಚ್ಚಾದ ಗಿಗಾಹರ್ಟ್ಸಿನಿಂದಲ್ಲ.