ಎಸಿಯ ಶ್ರುತಿಗೆ ಮಲ್ಹಾರ: ಘಾಲಾದ ರಸಿಕರಿಗೊಂದು ಕೈಪಿಡಿ

ಮೊದಲು ಎಸಿಯ ಸದ್ದು ಕೇಳಿ. ಜುಲೈ ತಿಂಗಳ ಮಧ್ಯಾಹ್ನ ಮಸ್ಕತ್ತಿನ ಘಾಲಾದ ಫ್ಲಾಟಿನಲ್ಲಿ ಕಿಟಕಿ ಮುಚ್ಚಿ, ಪರದೆ ಎಳೆದು ಕೂತವರ ಕಿವಿಗೆ ಬೇರೇನೂ ಬೀಳುವುದಿಲ್ಲ. ಒಮಾನಿನ ಕರೆಂಟು, ನಮ್ಮೂರಿನದರ ಹಾಗೆಯೇ, 50 ಹರ್ಟ್ಸಿನದು. ಹಳೆಯ ಕಿಟಕಿ ಎಸಿಯ ಗುಂಯ್‌ಗುಡುವಿಕೆಯಲ್ಲಿ ಅದರ ಎರಡರಷ್ಟು, ಅಂದರೆ 100 ಹರ್ಟ್ಸಿನ ಸ್ವರ ಎದ್ದು ಕೇಳುತ್ತದೆ. ಹಾರ್ಮೋನಿಯಂನ ಬಿಳಿ ಐದರ ಮಂದ್ರಸ್ವರ 98 ಹರ್ಟ್ಸು. ಅಂದರೆ ಎಸಿ ಬಿಳಿ ಐದಕ್ಕಿಂತ ತುಸು ಏರಿದ ಶ್ರುತಿ ಹಿಡಿದು ದಿನವಿಡೀ ಕೂತಿರುತ್ತದೆ. ಕಣ್ಣು ಮುಚ್ಚಿ ಅದಕ್ಕೆ ನಿಮ್ಮ ಷಡ್ಜ ಸೇರಿಸಿ ಒಂದು ನಿಮಿಷ ಗುನುಗಿ. ನಾನು ಹೇಳಹೊರಟಿರುವ ಸಂಗೀತಕ್ಕೆ ಇದೇ ಮೊದಲ ಪಾಠ.

ಶತಮಾನಗಳಷ್ಟು ಹಳೆಯ ರಚನೆಯೊಂದನ್ನು ನುಡಿಸಿ, ಅದರ ಪಕ್ಕದಲ್ಲೇ ಬಿಸಿಯಾಗುತ್ತಿರುವ ಭೂಮಿಯನ್ನು ಕುರಿತ ಹೊಸ ಎಲೆಕ್ಟ್ರಾನಿಕ್ ಕೃತಿಯೊಂದನ್ನು ಕೇಳಿಸುವ ಕಛೇರಿಗಳಿವೆ. ಹೊಸಬರಿಗೆ ಇದು ಕಿರಿಕಿರಿ. ಮೊದಲ ಭಾಗ ಮಧುರ, ಎರಡನೆಯದು ಬರೀ ಸದ್ದು ಅನ್ನಿಸುತ್ತದೆ. ಎರಡನ್ನೂ ಒಂದೇ ಪ್ರಶ್ನೆ ಹಿಡಿದು ಕೇಳಬಹುದು ಎಂಬುದು ನನ್ನ ಅನುಭವ. ಈ ಸಂಗೀತ ಎಲ್ಲಿಗೆ ಮರಳುತ್ತದೆ? ಹಳೆಯ ಸಂಗೀತಕ್ಕೆ ಮರಳುವ ಜಾಗದ ಮೇಲೆ ಪೂರ್ತಿ ಭರವಸೆ. ಷಡ್ಜ ಅಲ್ಲೇ ಇರುತ್ತದೆ, ವಸಂತ ಬಂದೇ ಬರುತ್ತದೆ, ಶ್ರಾವಣದಲ್ಲಿ ಮಳೆ ಹೊಯ್ಯುತ್ತದೆ. ಹೊಸ ಕೃತಿಗೆ ಆ ಭರವಸೆ ಇಲ್ಲ.

ನಮ್ಮದೇ ಹಳೆಯ ಸಂಗೀತದಿಂದ ಶುರು ಮಾಡೋಣ. ಮಿಯಾ ಮಲ್ಹಾರ ತಾನ್‌ಸೇನನ ಹೆಸರಿಗೆ ಅಂಟಿಕೊಂಡ ಮಳೆರಾಗ. ಭೀಮಸೇನ ಜೋಶಿಯವರ ಧ್ವನಿಮುದ್ರಣ ಸಿಗುತ್ತದೆ, ಹಾಕಿಕೊಳ್ಳಿ. ಕೋಮಲ ಗಾಂಧಾರ ನಿಂತಲ್ಲಿ ನಿಲ್ಲದೆ ನೀರು ತುಂಬಿದ ಮೋಡದ ಹಾಗೆ ತೂಗಾಡುವುದನ್ನು ಗಮನಿಸಿ. ಎರಡು ನಿಷಾದಗಳು, ಒಂದು ಕೋಮಲ ಒಂದು ಶುದ್ಧ, ಒಂದರ ಬೆನ್ನಿಗೊಂದು ಬಂದು ಮೇಲಿನ ಷಡ್ಜವನ್ನು ಮುಟ್ಟುತ್ತವೆ. ಮುಟ್ಟಿದ ಆ ಗಳಿಗೆಯ ನೆಮ್ಮದಿಗಾಗಿಯೇ ಇಡೀ ಆಲಾಪ. ರಾಗದ ಹೆಸರು ಗೊತ್ತಿಲ್ಲದವರೂ ಆ ನೆಮ್ಮದಿಯನ್ನು ಗುರುತಿಸಬಲ್ಲರು. ಧಾರವಾಡದ ಮಳೆಯಲ್ಲಿ ಬೆಳೆದವರಿಗಂತೂ ವಿವರಿಸಬೇಕಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಘಾಲಾದಲ್ಲಿ ಶ್ರಾವಣಕ್ಕೆ ಮಳೆಯಿಲ್ಲ. ಮಸ್ಕತ್ತಿಗೆ ಬರುವ ಅಷ್ಟಿಷ್ಟು ಮಳೆ ಹೆಚ್ಚಾಗಿ ಚಳಿಗಾಲದ್ದು. ನಮ್ಮೂರಿನ ಮೇಲೆ ಹೊಯ್ಯುವ ಅದೇ ಮುಂಗಾರಿನ ಅಂಚು ದಕ್ಷಿಣದ ಸಲಾಲಾವನ್ನು ಸವರಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿನ ಬೆಟ್ಟಗಳನ್ನು ತುಂತುರಿನಲ್ಲಿ ಹಸಿರಾಗಿಸುತ್ತದೆ. ಖರೀಫ್ ಎಂದು ನಾವೆಲ್ಲ ರಜೆ ಹಾಕಿ ನೋಡಲು ಓಡುವುದು ಅದನ್ನೇ. ಘಾಲಾ ಇರುವ ಬೌಶರ್ ಕಡೆಗೆ ಅದು ಬರುವುದಿಲ್ಲ. ಆದ್ದರಿಂದ ಘಾಲಾದಲ್ಲಿ ಮಲ್ಹಾರ ಕೇಳುವ ಕನ್ನಡಿಗ ಮಳೆಯಿಲ್ಲದ ಊರಿನಲ್ಲಿ ಮಳೆಯ ರಾಗ ಕೇಳುತ್ತಿರುತ್ತಾನೆ. ಫೋನಿನಲ್ಲಿ ಊರಿನ ಮಳೆಯ ವಿಡಿಯೊ ಬರುತ್ತದೆ, ಹೊರಗೆ ಬಿಸಿ ಗಾಳಿ ಬೀಸುತ್ತದೆ. ರಾಗಕ್ಕೂ ಋತುವಿಗೂ ಇದ್ದ ನಂಟು ನಮ್ಮ ಪಾಲಿಗೆ ಆಗಲೇ ಒಮ್ಮೆ ಕಡಿದಿದೆ. ಹವಾಮಾನದ ಹೊಸ ಸಂಗೀತ ಮಾತಾಡುವುದು ಆ ಕಡಿತದ ಬಗ್ಗೆಯೇ. ಈ ಸಂಗೀತಕ್ಕೆ ಗಲ್ಫಿನ ಕೇಳುಗರಷ್ಟು ತಯಾರಾದ ಕಿವಿ ಇನ್ನಾರದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಯುರೋಪಿನ ಹಳೆಯ ಸಂಗೀತಕ್ಕೆ ವಿವಾಲ್ಡಿಯ 'ನಾಲ್ಕು ಋತುಗಳು' ಸಾಕು. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ರಚನೆ. ಲಿಫ್ಟಿನಲ್ಲಿ, ಫೋನಿನ ರಿಂಗ್‌ಟೋನಿನಲ್ಲಿ ಕೇಳಿ ಸವೆದುಹೋಗಿದೆ ಅನ್ನಬೇಡಿ, 'ಬೇಸಿಗೆ'ಯನ್ನು ಮಾತ್ರ ಪೂರ್ತಿ ಕೇಳಿ. ಅದರಲ್ಲಿ ಸಂಭ್ರಮವಿಲ್ಲ. ಬಿಸಿಲಿಗೆ ಸೋತ ಪಿಟೀಲುಗಳು ಎರಡು ಸ್ವರ ನುಡಿದು ಸುಮ್ಮನಾಗುತ್ತವೆ, ಮತ್ತೆರಡು ನುಡಿದು ಮತ್ತೆ ಸುಮ್ಮನಾಗುತ್ತವೆ. ಕೊನೆಗೆ ಆಲಿಕಲ್ಲಿನ ಬಿರುಗಾಳಿ ಬಂದು ಬೆಳೆ ನೆಲಕ್ಕೆ ಮಲಗುತ್ತದೆ. 'ಬೇಸಿಗೆ'ಯ ಆಧಾರಸ್ವರ ಜಿ, ನಮ್ಮ ಬಿಳಿ ಐದು. ಎಸಿ ಹಿಡಿದ ಶ್ರುತಿಯ ನೆರೆಮನೆ! ಆದರೆ ಪ್ರಾಚೀನ ಶೈಲಿಯ ವಾದ್ಯವೃಂದಗಳು ಕರುಳಿನ ತಂತಿ ಕಟ್ಟಿ, ಇಂದಿನ 440ರ ಬದಲು ಸಾಮಾನ್ಯವಾಗಿ 415 ಹರ್ಟ್ಸಿಗೆ ಶ್ರುತಿ ಇಳಿಸಿಕೊಳ್ಳುತ್ತವೆ. ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ. ಆಗ ಎಸಿಗೂ ಅದಕ್ಕೂ ಜಗಳ. ಎರಡೂ ಬಗೆಯ ಧ್ವನಿಮುದ್ರಣ ಒಂದಾದ ಮೇಲೊಂದು ಹಾಕಿ ನೋಡಿ. ಕರುಳಿನ ತಂತಿಯ ದನಿ ಒರಟು, ಗಾಳಿ ಸೇರಿದ್ದು, ನನಗೆ ಅದೇ ಹೆಚ್ಚು ಬಿಸಿಲಿನ ಹಾಗೆ ಕೇಳಿಸುತ್ತದೆ.

ಈ ವಿವಾಲ್ಡಿಯನ್ನೇ ಹೊಸ ಕಾಲ ಬಿಚ್ಚಿ ಕಟ್ಟಿದೆ. 2019ರಲ್ಲಿ ಹ್ಯಾಂಬರ್ಗಿನ ಎನ್‌ಡಿಆರ್ ಎಲ್ಬ್‌ಫಿಲ್‌ಹಾರ್ಮನಿ ವಾದ್ಯವೃಂದ ಹವಾಮಾನದ ಅಂಕಿಗಳ ಪ್ರಕಾರ ಬದಲಿಸಿದ ಋತುಗಳನ್ನು ನುಡಿಸಿತು. ಆಸ್ಟ್ರೇಲಿಯಾದ 'ದಿ ಅನ್‌ಸರ್ಟನ್ ಫೋರ್ ಸೀಸನ್ಸ್' ಯೋಜನೆಯಲ್ಲಿ 2050ರ ಅಂದಾಜುಗಳನ್ನು ಕಂಪ್ಯೂಟರಿಗೆ ಕೊಟ್ಟು, ಊರಿಗೊಂದರಂತೆ ಬೇರೆ ಬೇರೆ ವಿವಾಲ್ಡಿ ತೆಗೆದರು. ಮೂಲವನ್ನು ಮೂರ್ನಾಲ್ಕು ಸಲ ಕೇಳದೆ ಇವುಗಳ ಹತ್ತಿರ ಹೋಗಬೇಡಿ. ಬಾಯಿಪಾಠವಾದ ಸಾಲಿನಲ್ಲಿ ಒಂದು ಸ್ವರ ಬರದೇ ಹೋದಾಗ ಎದೆಯಲ್ಲಿ ಆಗುವ ತಡವರಿಕೆಯೇ ಈ ಕೃತಿಗಳ ತಿರುಳು. ಮೂಲ ಗೊತ್ತಿಲ್ಲದವರಿಗೆ ಕಳೆದುಹೋದದ್ದು ಏನೆಂದೇ ತಿಳಿಯುವುದಿಲ್ಲ.

ಅಂಕಿ ಸ್ವರವಾಗುವುದು ಹೇಗೆ ಎಂಬುದಕ್ಕೆ ಎಲೆಕ್ಟ್ರಾನಿಕ್ ಅಲ್ಲದ ಒಂದು ಸರಳ ಕೃತಿಯೇ ಒಳ್ಳೆಯ ಗುರು. 2013ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇನಿಯಲ್ ಕ್ರಾಫರ್ಡ್ 1880ರಿಂದೀಚೆಗಿನ ಭೂಮಿಯ ತಾಪಮಾನವನ್ನು ಚೆಲ್ಲೊದಲ್ಲಿ ನುಡಿಸಿದ. ವರ್ಷಕ್ಕೊಂದು ಸ್ವರ. ಎಲ್ಲಕ್ಕಿಂತ ತಂಪಾಗಿದ್ದ 1909ಕ್ಕೆ ಚೆಲ್ಲೊದ ಅತಿ ಕೆಳಗಿನ ತಂತಿ, ಅಲ್ಲಿಂದ ಮೇಲೆ ಪ್ರತಿ ಅರ್ಧ ಸ್ವರಕ್ಕೆ ಸುಮಾರು 0.03 ಡಿಗ್ರಿ. ಮೊದಮೊದಲು ಸ್ವರಗಳು ಗೊತ್ತುಗುರಿಯಿಲ್ಲದೆ ಏರಿಳಿಯುತ್ತವೆ, ಕೊನೆಯ ದಶಕಗಳಲ್ಲಿ ಕೆಳಗಿನ ತಂತಿಯ ಕಡೆ ಬೆರಳು ಹೋಗುವುದೇ ಇಲ್ಲ. ಇಂಥ ಕೃತಿ ಕೇಳುವಾಗ ಒಂದು ಎಚ್ಚರ ಬೇಕು. ಯಾವ ಅಂಕಿಗೆ ಯಾವ ಸ್ವರ ಎಂದು ತೀರ್ಮಾನಿಸುವವರು ಮನುಷ್ಯರು. ಆ ತೀರ್ಮಾನದಲ್ಲೇ ಕಲೆ ಇರುವುದು. ಬರೀ ಏರುತ್ತಾ ಹೋಗುವ ಸಾಲನ್ನು ನಾನು ಸಂಗೀತ ಎನ್ನಲಾರೆ.

ನಮ್ಮ ಪಕ್ಕದ ಒಂದು ಅಂಕಿ ಹೇಳುತ್ತೇನೆ. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್‌ನಲ್ಲಿ ಇಡೀ ಹಗಲು, ಇಡೀ ರಾತ್ರಿ ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಹಗಲು ಬಿಸಿಯಾಗುವುದು ನಮಗೆ ಹೊಸದಲ್ಲ. ರಾತ್ರಿ ತಣಿಯದಿರುವುದು ಹೊಸದು. ಗಾಯಕ ಮಂದ್ರಕ್ಕೆ ಇಳಿಯಲು ಹೋಗುತ್ತಾನೆ, ಅಲ್ಲಿ ಷಡ್ಜವೇ ಇಲ್ಲ, ಹಾಗೆ. ಮರಳುವ ಜಾಗದ ಪ್ರಶ್ನೆ ಎಂದೆನಲ್ಲ, ಅದು ನನಗೆ ಮೊದಲು ಹೊಳೆದದ್ದು ಈ ಸುದ್ದಿ ಓದಿದಾಗ.

ಇನ್ನು ಎಲೆಕ್ಟ್ರಾನಿಕ್ ಸದ್ದಿನ ಭಯ. ಅದನ್ನು ಬಿಟ್ಟುಬಿಡಿ. ಘಾಲಾದಲ್ಲಿ ಸಂಗೀತದ ಕ್ಲಾಸಿಗೆ ಹೋಗುವ ನಮ್ಮ ಮಕ್ಕಳು ಸರಳೆ ವರಸೆ ಹಾಡುವುದು ಎಲೆಕ್ಟ್ರಾನಿಕ್ ತಂಬೂರಿಯ ಜೊತೆಗೆ. ಅದನ್ನು ಮನೆಮನೆಗೆ ತಂದವರು ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್‌ನಾರಾಯಣ್, ಕೊಳಲು ನುಡಿಸುವ ಎಂಜಿನಿಯರ್. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಸರ್ ಇದ್ದ ಸ್ಟುಡಿಯೊ ಶುರುವಾಗಿತ್ತು, ಗೀತಾ ಸಾರಾಭಾಯ್ ಅಂಥ ಸಂಗೀತಗಾರರು ಅಲ್ಲಿ ಕೆಲಸ ಮಾಡಿದರು. ಈ ಸದ್ದು ನಮ್ಮ ಮನೆಯದೇ.

ಈಗ ನಾರ್ವೆಯ ಕಲಾವಿದೆ ಯಾನಾ ವಿಂಡರೆನ್ ಅವರ 2010ರ 'ಎನರ್ಜಿ ಫೀಲ್ಡ್' ಹಾಕಿ, ಇಯರ್‌ಫೋನಿನಲ್ಲಿ. ನೀರೊಳಗೆ, ಹಿಮನದಿಯ ಬಿರುಕಿನೊಳಗೆ ಮೈಕು ಇಳಿಸಿ ಹಿಡಿದ ಸದ್ದುಗಳು. ರಾಗ ಹುಡುಕಬೇಡಿ. ಯಾವ ಸದ್ದು ಹತ್ತಿರ, ಯಾವುದು ದೂರ, ಯಾವುದು ಕೆಳಗಿನಿಂದ ಬರುತ್ತಿದೆ ಎಂಬುದಷ್ಟನ್ನೇ ಹಿಂಬಾಲಿಸಿ. ತಾಳ ಎಲ್ಲಿ ಎಂದು ಕೇಳುವವರಿಗೆ ಒಮಾನಿನ ಫಲಜ್ ಎಂಬ ನೀರಿನ ಕಾಲುವೆಯನ್ನು ನೆನಪಿಸುತ್ತೇನೆ. 2006ರಲ್ಲಿ ಐದು ಫಲಜ್‌ಗಳು ಯುನೆಸ್ಕೊ ಪಟ್ಟಿ ಸೇರಿದವು. ಆ ಕಾಲುವೆಯ ನೀರನ್ನು ತೋಟಗಳಿಗೆ ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಒಂದು ಅಥರ್ ಎಂದರೆ ಸುಮಾರು ಅರ್ಧ ಗಂಟೆ, ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ಇಂಥ ಕೃತಿಯ ಆವರ್ತ ಆ ಅಳತೆಯದು. ಬೆರಳಲ್ಲಿ ಎಣಿಸಲು ಬಾರದು, ಕಾದು ಕೂತವರಿಗೆ ಸಿಗುತ್ತದೆ.

ಮಸ್ಕತ್ತಿನ ಶಾತಿ ಅಲ್ ಕುರುಮ್‌ನಲ್ಲಿ ರಾಯಲ್ ಒಪೆರಾ ಹೌಸ್ ಇದೆ, 4,542 ಕೊಳವೆಗಳ ಆರ್ಗನ್ ಸಮೇತ. ಹಳೆಯ ಸಂಗೀತ ಬಂದಾಗ ಹೋಗಿ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಶ್ರಾವಣದ ಒಂದು ಶುಕ್ರವಾರ ಸಂಜೆ ಮನೆಯಲ್ಲೇ ಈ ಕ್ರಮದಲ್ಲಿ ಕೇಳಿ: ಮಿಯಾ ಮಲ್ಹಾರ, 'ಬೇಸಿಗೆ', ಚೆಲ್ಲೊ, ಕೊನೆಗೆ ವಿಂಡರೆನ್. ನಡುವೆ ಮಾತು ಬೇಡ, ಚಹಾ ಆಮೇಲೆ. ಹಿಮದ ಸದ್ದು ಮುಗಿದ ಕೂಡಲೇ ಎಸಿ ಆರಿಸಿ. ಹೊತ್ತೆಲ್ಲ ಆಧಾರವಾಗಿದ್ದ ಶ್ರುತಿ ನಿಂತುಹೋಗುತ್ತದೆ, ನಿಂತ ಮೇಲೆಯೇ ಅದು ಇತ್ತೆಂದು ಕಿವಿಗೆ ತಿಳಿಯುವುದು. ಮಕ್ಕಳು ಸೆಕೆ ಎನ್ನುವವರೆಗೆ ಹಾಗೇ ಕೂತಿರಿ.