ಗೆಲ್ಲಲಾಗದ ಆಟ

ಮಕ್ಕಳು ಮೊಬೈಲ್ ಆಟಗಳಲ್ಲಿ ಕಾಲ ಕಳೆಯುವುದರ ಕುರಿತು ನಾಲ್ಕು ಕಟುವಾದ ಮಾತುಗಳನ್ನು ಬರೆಯಬೇಕೆಂದು ಕುಳಿತಿದ್ದೆ. ಪಿಯುಸಿ ಓದುತ್ತಿರುವ ಮಗ ಹಿಂದಿನಿಂದ ಇಣುಕಿ ನೋಡಿ, “ಅಪ್ಪಾ, ಓದದ ಪುಸ್ತಕಕ್ಕೆ ವಿಮರ್ಶೆ ಬರೆಯಬಾರದೆಂದು ನೀವೇ ಹೇಳುತ್ತೀರಲ್ಲ?” ಎಂದ. ಮಾತು ನೇರವಾಗಿ ನಾಟಿತು. ಬರೆದ ಹಾಳೆಯನ್ನು ಮಡಿಚಿಟ್ಟು ಕೆಲವು ವಾರಗಳ ಕಾಲ ಅವನಿಗೇ ಶಿಷ್ಯನಾದೆ. ಈ ಬರಹ ಆ ಶಿಷ್ಯತ್ವದ ಫಲ.

ಹಾಗೆಂದು ನಾನು ಇಂಥ ಆಟಗಳನ್ನೇ ಕಾಣದವನಲ್ಲ. 1990ರ ದಶಕದಲ್ಲಿ ನಮ್ಮ ಧರ್ಮಕೇಂದ್ರದ ಹಬ್ಬದ ಅಂಗಡಿಗಳಲ್ಲಿ ಬಲೂನು, ಬತ್ತಾಸುಗಳ ನಡುವೆ ‘ಬ್ರಿಕ್ ಗೇಮ್’ ಎಂಬ ಅಂಗೈಯಗಲದ ಯಂತ್ರ ಮಾರಾಟಕ್ಕಿರುತ್ತಿತ್ತು. ಅದರೊಳಗಿದ್ದುದು ಟೆಟ್ರಿಸ್‌ನ ಅನುಕರಣೆಯೆಂದು ಆಗ ತಿಳಿದಿರಲಿಲ್ಲ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ಅದನ್ನು ರಚಿಸಿದರು. ಅವರ ಗಣಕಯಂತ್ರ ಅಕ್ಷರ, ಚಿಹ್ನೆಗಳನ್ನಷ್ಟೇ ತೋರಿಸಬಲ್ಲದಾಗಿದ್ದರಿಂದ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆಗಳನ್ನು ಮಾಡಿದರು. ನಾಲ್ಕು ಚೌಕಗಳಿಂದಾಗುವ ಏಳು ಆಕಾರಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ತುಂಬಿದ ಸಾಲು ಮಾಯವಾಗುತ್ತದೆ. ಬಿಟ್ಟ ಸಂದುಗಳು ಮಾತ್ರ ಉಳಿದು ರಾಶಿ ಮೇಲೇರುತ್ತದೆ. ಮಾಡಿದ ಒಳ್ಳೆಯ ಕೆಲಸ ಕಣ್ಮರೆಯಾಗಿ ತಪ್ಪುಗಳಷ್ಟೇ ಎಲ್ಲರ ಕಣ್ಣಿಗೆ ಬೀಳುವ ಈ ನಿಯಮ ಮನೆ ನಡೆಸುವ ತಾಯಂದಿರಿಗೆ ಹೊಸದೇನೂ ಅಲ್ಲ.

ಹಳೆಯ ಆಟಗಳಲ್ಲಿ ಬಹುಪಾಲು ಸೋಲಿನಲ್ಲಿಯೇ ಮುಗಿಯುತ್ತಿದ್ದವು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತದೆ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಯಂತ್ರದ ಭಾರ ಇಳಿದು ಅದು ಚುರುಕಾಗುತ್ತಿದ್ದುದೇ ಇದರ ಕಾರಣ. ನಿಶಿಕಾದೊ ಅದನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡರು. 1980ರ ‘ಪ್ಯಾಕ್-ಮ್ಯಾನ್’ ಆಟಕ್ಕೆ ಅದನ್ನು ರಚಿಸಿದವರು ಅಂತ್ಯವನ್ನೇ ಯೋಚಿಸಿರಲಿಲ್ಲ. ಆದರೆ ಅದರ ಎಣಿಕೆ 255ರ ಆಚೆಗೆ ಹೋಗಲಾರದು. 256ನೆಯ ಹಂತದಲ್ಲಿ ಅರ್ಧ ಪರದೆ ಅರ್ಥವಿಲ್ಲದ ಅಕ್ಷರಗಳಿಂದ ತುಂಬಿ ಆಟ ಅಲ್ಲಿಗೇ ನಿಲ್ಲುತ್ತದೆ. ಅಂತ್ಯವಿಲ್ಲವೆಂದು ಕಟ್ಟಿದ್ದಕ್ಕೂ ಅಂತ್ಯವೊಂದು ಕಾದಿತ್ತು.

ಆ ಕಾಲವನ್ನು ಸತ್ಯಯುಗವೆಂದು ಹೊಗಳಲು ನಾನು ಸಿದ್ಧನಿಲ್ಲ. ಆಟದಂಗಡಿಯ ಯಂತ್ರಗಳು ನಮ್ಮನ್ನು ಬೇಗ ಸೋಲಿಸುತ್ತಿದ್ದುದು ಇನ್ನೊಂದು ನಾಣ್ಯಕ್ಕಾಗಿಯೇ. ಆದರೂ ನಾಣ್ಯ ಮುಗಿದ ಮೇಲೆ ಅವು ನಮ್ಮನ್ನು ಮನೆಗೆ ಕಳುಹಿಸುತ್ತಿದ್ದವು. ಇಂದಿನ ಎಷ್ಟೋ ಮೊಬೈಲ್ ಆಟಗಳು ಮನೆಗೇ ಬಂದು ಕುಳಿತಿವೆ. ದಿನವೂ ಹಾಜರಿ ಹಾಕಿದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಕಾಯಲಾರದವರಿಗೆ ಹಣ ಕೊಟ್ಟು ಮುಂದೆ ಹೋಗುವ ದಾರಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಆಟದ ವ್ಯಸನವನ್ನು ಸೇರಿಸಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂದಿತು. ಹೆತ್ತವರ ಆತಂಕ ಬರಿಯ ಹಳೆತಲೆಯವರ ಗೊಣಗಾಟವಲ್ಲ.

ಇಷ್ಟನ್ನು ಬರೆದು ಮುಗಿಸಬಹುದಿತ್ತು. ಆದರೆ ಒಂದು ರಾತ್ರಿ ಮಗ, “ಇದೊಂದನ್ನು ಆಡಿ ನೋಡಿ, ಅಪ್ಪಾ” ಎಂದು ತನ್ನ ಗಣಕಯಂತ್ರದ ಮುಂದೆ ಕೂರಿಸಿದ. ಆಟದ ಹೆಸರು ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಅಮೆರಿಕೆಯ ರಯಾನ್ ಮತ್ತು ಏಮಿ ಗ್ರೀನ್ ಎಂಬ ಕ್ರೈಸ್ತ ದಂಪತಿಯ ಮಗ ಜೋಯೆಲ್‌ಗೆ ಒಂದು ವರ್ಷದ ಪ್ರಾಯದಲ್ಲಿಯೇ ಮೆದುಳಿನ ಕ್ಯಾನ್ಸರ್ ತಗಲಿತು. ಮಗು ಬದುಕಿದ್ದಾಗಲೇ ತಂದೆತಾಯಿ ಗೆಳೆಯರೊಡನೆ ಈ ಆಟವನ್ನು ಕಟ್ಟಲು ತೊಡಗಿದರು. 2014ರ ಮಾರ್ಚ್‌ನಲ್ಲಿ ಐದು ವರ್ಷದ ಜೋಯೆಲ್ ತೀರಿಕೊಂಡ. ಆಟ ಹೊರಬಂದದ್ದು 2016ರ ಜನವರಿಯಲ್ಲಿ.

ಎರಡು ಗಂಟೆಗಳಷ್ಟು ಅವಧಿಯ ಈ ಆಟದಲ್ಲಿ ಅಂಕಗಳಿಗಾಗಿ ಹೋರಾಟವಿಲ್ಲ. ಮನುಷ್ಯರ ಮುಖಗಳಲ್ಲಿ ಕಣ್ಣು ಬಾಯಿಗಳನ್ನು ಬಿಡಿಸಿಲ್ಲ. ಆದರೆ ಕೇಳಿಸುವ ನಗು ಜೋಯೆಲ್‌ನದೇ. ಒಂದೆಡೆ ಆಸ್ಪತ್ರೆಯ ಓಣಿಗಳಲ್ಲಿ ಪುಟ್ಟ ಬಂಡಿಯ ಓಟ ಬರುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಉತ್ಸಾಹದಿಂದ ಬಾಚಿಕೊಂಡೆ. ಕೊನೆಯಲ್ಲಿ ಪರದೆಯ ಮೇಲೆ ಅವುಗಳ ಪಟ್ಟಿ ಮೂಡಿತು: ಎಲ್ಲವೂ ಆ ಮಗುವಿನ ಮೈಗೆ ಹರಿಸಿದ ಔಷಧಗಳು. ಆಟವೆಂದು ನಕ್ಕಿದ್ದ ನನ್ನ ನಗು ಗಂಟಲಲ್ಲಿಯೇ ನಿಂತಿತು.

ಮತ್ತೊಂದು ದೃಶ್ಯದಲ್ಲಿ, ರಾತ್ರಿಯ ಆಸ್ಪತ್ರೆಯ ಕೋಣೆಯಲ್ಲಿ ತಂದೆ ಮತ್ತು ಮಗು ಇಬ್ಬರೇ. ಬಾಯಾರಿದ ಮಗು ಕುಡಿದದ್ದನ್ನು ಅರಗಿಸಿಕೊಳ್ಳಲಾರದೆ ಅಳುತ್ತಿದೆ. ಹಣ್ಣಿನ ರಸ ಕೊಟ್ಟೆ, ಎತ್ತಿಕೊಂಡೆ, ಕೋಣೆಯಲ್ಲಿ ಅತ್ತಿತ್ತ ನಡೆದಾಡಿಸಿದೆ. ಯಾವ ಗುಂಡಿ ಒತ್ತಿದರೂ ಅಳು ನಿಲ್ಲದು. ಕೈಯಲ್ಲಿ ಗುಂಡಿಗಳಿದ್ದೂ ಏನೂ ಮಾಡಲಾಗದಿರುವ ಆ ಅನುಭವವನ್ನು ಪುಸ್ತಕವಾಗಲಿ ಚಲನಚಿತ್ರವಾಗಲಿ ಹೀಗೆ ಕೊಡಲಾರದು. ಅಲ್ಲಿ ನಾವು ಕೇವಲ ನೋಡುತ್ತಿರುತ್ತೇವೆ, ಇಲ್ಲಿ ಪ್ರಯತ್ನಿಸಿ ಸೋಲುತ್ತೇವೆ. ಕೊನೆಗೆ ತಂದೆ ಪ್ರಾರ್ಥಿಸುತ್ತಾನೆ. ಅಳು ನಿಲ್ಲುತ್ತದೆ, ಮಗು ನಿದ್ರಿಸುತ್ತದೆ. ರೋಗ ಮಾತ್ರ ಹಾಗೆಯೇ ಇದೆ.

ಕೃತಿಯಲ್ಲಿ ಕುಂದುಗಳಿವೆ. ಕೆಲವೆಡೆ ಮುಂದೇನು ಮಾಡಬೇಕೆಂದು ತೋಚದೆ ಸುಮ್ಮನೆ ತಡಕಾಡಬೇಕಾಗುತ್ತದೆ. ಆಗ ದುಃಖದ ಜಾಗಕ್ಕೆ ಬೇಸರ ನುಗ್ಗುತ್ತದೆ. ಕೆಲವು ಮಾತುಗಳು ಅಗತ್ಯಕ್ಕಿಂತ ದೀರ್ಘ. ಆದರೆ ಪ್ರಾರ್ಥನೆಯ ವಿಚಾರದಲ್ಲಿ ಅದು ತೋರುವ ಪ್ರಾಮಾಣಿಕತೆ ಅಪರೂಪದ್ದು. ತಾಯಿ ಮಗು ಗುಣವಾಗುವುದೆಂದು ದೃಢವಾಗಿ ನಂಬುತ್ತಾಳೆ; ತಂದೆ ಸಂಶಯದಲ್ಲಿ ಮುಳುಗುತ್ತಾನೆ. ಆಟ ಇವಳನ್ನು ಮೂಢಳೆಂದೂ ಅವನನ್ನು ಅವಿಶ್ವಾಸಿಯೆಂದೂ ತೀರ್ಪು ಕೊಡುವುದಿಲ್ಲ. ಯೋಬನ ಗೆಳೆಯರಿಗೆ ಇಲ್ಲದಿದ್ದ ತಾಳ್ಮೆ ಅದಕ್ಕಿದೆ.

ಆಟ ಮುಗಿದಾಗ ಮಧ್ಯರಾತ್ರಿ ಕಳೆದಿತ್ತು. ಹೋದ ವರ್ಷ ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹನ್ನೊಂದು ರಾತ್ರಿಗಳು ನೆನಪಾದವು. ನಾನು ಜಪಸರ ಹಿಡಿದು ಹಾಸಿಗೆಯ ಬಳಿ ಕುಳಿತಿರುತ್ತಿದ್ದೆ. ಇವನು ಹೊರಗಿನ ಬೆಂಚಿನ ಮೇಲೆ ಮೊಬೈಲಿನಲ್ಲಿ ಮುಳುಗಿರುತ್ತಿದ್ದ. ಅಜ್ಜಿ ಸಾಯುತ್ತಿರುವಾಗಲೂ ಆಟವೇ ಎಂದು ಒಂದು ಸಂಜೆ ನಾಲ್ಕು ಜನರ ಮುಂದೆ ಗದರಿದ್ದೆ. ಅವನು ತಿರುಗಿ ಮಾತನಾಡಿರಲಿಲ್ಲ.

“ಆ ಬೆಂಚಿನ ಮೇಲೆ ಆಡುತ್ತಿದ್ದುದು ಇದನ್ನೇ ಏನೋ?” ಎಂದು ಕೇಳಿದೆ.

“ಇಲ್ಲಪ್ಪಾ. ಅದು ಬರೀ ಇಟ್ಟಿಗೆ ಜೋಡಿಸುವ ಆಟ. ಒಳಗೆ ಬರಲು ಹೆದರಿಕೆಯಾಗುತ್ತಿತ್ತು. ಇದನ್ನು ಆಡಿದ್ದು ಅಜ್ಜಿ ಹೋದ ಮೇಲೆ” ಎಂದ.

ಪ್ರಿಯ ಓದುಗರೇ, ಮಕ್ಕಳ ಆಟಕ್ಕೆ ಮಿತಿ ಹಾಕಲೇಬೇಕು. ನಮ್ಮ ಮನೆಯಲ್ಲಿಯೂ ರಾತ್ರಿಯ ಜಪಸರಕ್ಕೆ ಮೊದಲು ಮೊಬೈಲುಗಳೆಲ್ಲ ಕಪಾಟಿನೊಳಗೆ ಸೇರುತ್ತವೆ. ಆದರೆ ಅದಕ್ಕೂ ಮುಂಚೆ ಒಮ್ಮೆ ಅವರ ಪಕ್ಕದಲ್ಲಿ ಕುಳಿತು, ಏನು ಆಡುತ್ತಿದ್ದಾರೆ, ಯಾಕೆ ಆಡುತ್ತಿದ್ದಾರೆ ಎಂದು ಕೇಳಬೇಕು. ನಾನು ಅದನ್ನು ಕೇಳಿದ್ದು ಒಂದು ವರ್ಷ ತಡವಾಗಿ.